ಹನ್ನೊಂದು ಮಾಷದ ಲೆಕ್ಕ: ‘ಅಕ್ಕರಮಾಶಿ’ಯನ್ನು ಅಮೆರಿಕದ ಪುನರ್ನಿರ್ಮಾಣದ ಜೊತೆಗಿಟ್ಟು ಓದುವುದು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹ ರೂಪ. ಮಾತಿನ ರೂಪಗಳನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ. ಕೊನೆಯ ಸಂವಾದವನ್ನು ಸಂಕ್ಷೇಪಿಸಲಾಗಿದೆ.)

ಧ್ವನಿ ಕೇಳಿಸ್ತಾ ಇದೆ ಅಂದುಕೊಳ್ತೀನಿ. ನಡುವೆ ಕಡಿದು ಹೋದರೆ ದಯವಿಟ್ಟು ಹೇಳಿ, ನಮ್ಮೂರಲ್ಲಿ ಮಧ್ಯಾಹ್ನದ ಕರೆಂಟು ನಂಬೋ ಹಾಗಿಲ್ಲ.

1. ಗೋಡೆ ಮೇಲಿನ ಲಿಂಕನ್

ನಾನು ಓದಿದ್ದು ಅಕ್ಕಲಕೋಟ ತಾಲೂಕಿನ ಒಂದು ಕನ್ನಡ ಸಾಲಿಯಲ್ಲಿ. ಮಹಾರಾಷ್ಟ್ರ ಸರ್ಕಾರದ ಬಾಲಭಾರತಿಯೇ ಅಚ್ಚು ಮಾಡಿದ ಕನ್ನಡ ಪುಸ್ತಕಗಳು. ನಮ್ಮ ವರ್ಗದ ಗೋಡೆ ಮೇಲೆ ಲಿಂಕನ್ ತನ್ನ ಮಗನ ಶಿಕ್ಷಕರಿಗೆ ಬರೆದ ಪತ್ರ ಅಂತ ಒಂದು ಫಲಕ ಇತ್ತು. ನಿಮ್ಮಲ್ಲಿ ಹೆಚ್ಚಿನವರು ಅಂಥ ಫಲಕ ನೋಡಿರ್ತೀರಿ. ಮರಾಠಿ ಸಾಲಿಗಳಲ್ಲೂ ಅದು ಇದೆ. ಎಂ.ಎ. ಮಾಡುವಾಗ ಗೊತ್ತಾಯ್ತು, ಆ ಪತ್ರ ಲಿಂಕನ್ ಬರೆದದ್ದು ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಅವರ ಸಂಗ್ರಹಿತ ಬರಹಗಳಲ್ಲಿ ಅದು ಸಿಗೋದಿಲ್ಲ.

ಆದರೆ ನನ್ನ ದೂರು ಆ ಪತ್ರದ ಮೇಲಲ್ಲ. ನಮ್ಮ ಮನಸ್ಸಿನಲ್ಲಿ ಅಮೆರಿಕದ ಅಂತರ್ಯುದ್ಧದ ಕತೆ ಹೇಗೆ ಕೂತಿದೆ ಅನ್ನೋದು ನನ್ನ ಪ್ರಶ್ನೆ. 1861ಕ್ಕೆ ಯುದ್ಧ ಶುರು, 1863ರ ಜನವರಿ 1ಕ್ಕೆ ವಿಮೋಚನಾ ಘೋಷಣೆ, 1865ಕ್ಕೆ ಯುದ್ಧ ಮುಗೀತು, ಲಿಂಕನ್ ಹತ್ಯೆ, ಗುಲಾಮಗಿರಿ ರದ್ದು. ಪಾಠ ಮುಗಿಯಿತು. ಸುಮಾರು 40 ಲಕ್ಷ ಜನ ಬಿಡುಗಡೆಯಾದರು. ಮಾರನೇ ದಿನ ಅವರು ಎಲ್ಲಿ ಮಲಗಿದರು, ಯಾರ ಹೊಲಕ್ಕೆ ಹೋದರು, ಮಕ್ಕಳ ಹೆಸರು ಯಾವ ದಾಖಲೆಯಲ್ಲಿ ಬರೆಸಿದರು, ಇದು ಪಾಠದಲ್ಲಿ ಬರೋದಿಲ್ಲ. 1865ರಿಂದ 1877ರವರೆಗಿನ ಹನ್ನೆರಡು ವರ್ಷವನ್ನು ಅಮೆರಿಕದ ಚರಿತ್ರೆಕಾರರು ಪುನರ್ನಿರ್ಮಾಣದ ಕಾಲ ಅಂತಾರೆ. ನಮ್ಮ ಸಾಹಿತ್ಯ ವಿಮರ್ಶೆಗೂ ಆ ಹನ್ನೆರಡು ವರ್ಷ ಕಾಣಿಸಿಲ್ಲ ಅನ್ನೋದು ನನ್ನ ಅನುಮಾನ.

ಈ ಪ್ರಬಂಧದ ವಾದ ಇಷ್ಟು. ದಲಿತ ಸಾಹಿತ್ಯವನ್ನು ಆಫ್ರಿಕನ್ ಅಮೆರಿಕನ್ ಸಾಹಿತ್ಯದ ಜೊತೆ ಹೋಲಿಸುವಾಗ ನಾವು ಅಸ್ಪೃಶ್ಯತೆಗೆ ಜೋಡಿಯಾಗಿ ಗುಲಾಮಗಿರಿಯನ್ನು ಇಡ್ತೇವೆ. ಶರಣಕುಮಾರ ಲಿಂಬಾಳೆಯವರ ‘ಅಕ್ಕರಮಾಶಿ’ಗೆ ಆ ಜೋಡಿ ಪೂರ್ತಿ ಹೊಂದುವುದಿಲ್ಲ. ಅದು ಗುಲಾಮಗಿರಿಯ ಕಾಲದ ಪುಸ್ತಕ ಅಲ್ಲ, ಪುನರ್ನಿರ್ಮಾಣದ ಕಾಲದ ಪುಸ್ತಕ. ಕಾಯ್ದೆ ಬಂದಮೇಲೆ ಹುಟ್ಟಿದವನ ಕತೆ. ಹೀಗೆ ಓದಿದರೆ ಪುಸ್ತಕದ ಕೆಲವು ಭಾಗಗಳು ಬೇರೆಯಾಗಿ ಕಾಣ್ತವೆ. ಜೊತೆಗೆ ನಮ್ಮಂಥ ಕನ್ನಡ ಓದುಗರು ಆ ಪುಸ್ತಕದಲ್ಲಿ ಎಲ್ಲಿ ನಿಂತಿದ್ದೇವೆ ಅನ್ನೋದೂ ಕಾಣ್ತದೆ.

2. ಫುಲೆಯವರ ಅರ್ಪಣೆ ಮತ್ತು ಅದರ ಕಾಲ

ಈ ಹೋಲಿಕೆಯ ಮೊದಲ ದೊಡ್ಡ ದಾಖಲೆ ನಮ್ಮ ರಾಜ್ಯದ್ದೇ. ಜೋತಿರಾವ್ ಫುಲೆ 1873ರಲ್ಲಿ ‘ಗುಲಾಮಗಿರಿ’ ಪ್ರಕಟಿಸಿದರು. ಅದನ್ನು ಅವರು ಅರ್ಪಿಸಿದ್ದು ಅಮೆರಿಕದ ಸಜ್ಜನರಿಗೆ. ನೀಗ್ರೋ ಗುಲಾಮರ ಬಿಡುಗಡೆಗಾಗಿ ಅವರು ತೋರಿದ ನಿಸ್ವಾರ್ಥ ತ್ಯಾಗಕ್ಕೆ ಮೆಚ್ಚುಗೆ ಸೂಚಿಸಿ, ತಮ್ಮ ದೇಶದವರೂ ಶೂದ್ರ ಬಂಧುಗಳ ಬಿಡುಗಡೆಗೆ ಆ ಮಾದರಿ ಹಿಡಿಯಲಿ ಎಂದು ಹಾರೈಸಿದರು. ಅದೇ ವರ್ಷದ ಸೆಪ್ಟೆಂಬರ್ 24ಕ್ಕೆ ಸತ್ಯಶೋಧಕ ಸಮಾಜ ಸ್ಥಾಪನೆ ಆಯ್ತು. ಗೋಡೆ ಮೇಲೆ ಹಾಕಬೇಕಾಗಿದ್ದ ಬರಹ ಅದು.

ಆದರೆ ವರ್ಷ ಗಮನಿಸಿ. 1873 ಅಂದರೆ ಅಮೆರಿಕದಲ್ಲಿ ಪುನರ್ನಿರ್ಮಾಣ ನಡೀತಾ ಇದ್ದ ಕಾಲ. ಅಷ್ಟೊತ್ತಿಗೆ ಮೂರು ತಿದ್ದುಪಡಿಗಳು ಬಂದಿದ್ದವು: 1865ರ 13ನೆಯದು ಗುಲಾಮಗಿರಿ ರದ್ದು ಮಾಡಿತು, 1868ರ 14ನೆಯದು ಪೌರತ್ವ ಮತ್ತು ಸಮಾನ ರಕ್ಷಣೆ ಕೊಟ್ಟಿತು, 1870ರ 15ನೆಯದು ಮತದ ಹಕ್ಕಿನಲ್ಲಿ ಬಣ್ಣದ ಭೇದ ಸಲ್ಲದು ಅಂದಿತು. 1870ರಲ್ಲಿ ಹಿರಮ್ ರೆವೆಲ್ಸ್ ಸೆನೆಟ್ಟಿಗೆ ಹೋದ ಮೊದಲ ಕಪ್ಪು ಸದಸ್ಯರಾಗಿದ್ದರು. ಆಸೆಗೆ ಕಾರಣ ಇತ್ತು. ಹಾಗೇ 1873ರ ಏಪ್ರಿಲ್‌ನಲ್ಲೇ ಲೂಸಿಯಾನಾದ ಕೋಲ್‌ಫ್ಯಾಕ್ಸ್ ಎಂಬ ಊರಲ್ಲಿ ಬಿಳಿಯರ ಗುಂಪು ಹತ್ತಾರು ಕಪ್ಪು ಜನರನ್ನು ಕೊಂದು ಹಾಕಿತ್ತು. ಅದಾದ ನಾಲ್ಕು ವರ್ಷಕ್ಕೆ, 1877ರಲ್ಲಿ, ರಾಜಕೀಯ ಒಪ್ಪಂದವೊಂದರ ಫಲವಾಗಿ ಒಕ್ಕೂಟದ ಸೈನ್ಯ ದಕ್ಷಿಣದ ರಾಜಕೀಯದಿಂದ ಹಿಂದೆ ಸರಿಯಿತು. ಹಳೆಯ ಮಾಲೀಕರ ಕೈಗೆ ಅಧಿಕಾರ ವಾಪಸ್ ಬಂತು.

ಫುಲೆ ಇದನ್ನು ಮುಂದಾಗಿ ಕಾಣಬೇಕಿತ್ತು ಅಂತ ನಾನು ಹೇಳ್ತಿಲ್ಲ. ನಾನು ಗುರುತಿಸೋದು ಬೇರೆ. ಹತ್ತು ವರ್ಷದ ಮೇಲೆ, 1883ರಲ್ಲಿ ಅವರು ‘ಶೇತಕರ್ಯಾಚಾ ಅಸೂಡ’ ಮುಗಿಸಿದಾಗ ಅವರ ಕಣ್ಣು ರೈತನ ಮನೆ, ಅವನ ಸಾಲ, ಸಾವಕಾರ, ಕೋರ್ಟು, ಕಾರಕೂನರ ಮೇಲೆ ಇತ್ತು. ಗುಲಾಮಗಿರಿ ಎಂಬ ಪದದಿಂದ ಹೊರಟು ಸಾಲದ ವಹಿವರೆಗೆ ಬಂದರು. ಅಮೆರಿಕದ ದಕ್ಷಿಣವೂ ಅದೇ ಕಾಲದಲ್ಲಿ ಅದೇ ಕಡೆ ನಡೀತಾ ಇತ್ತು.

ಇದು ಬರೀ ಕಾಕತಾಳೀಯ ಅಲ್ಲ. ಎರಡು ಕಡೆಯನ್ನೂ ಕಟ್ಟಿದ್ದು ಹತ್ತಿ. ಯುದ್ಧದಿಂದ ಅಮೆರಿಕದ ಹತ್ತಿ ಲ್ಯಾಂಕಾಶೈರಿಗೆ ಹೋಗೋದು ನಿಂತಾಗ ಮುಂಬಯಿ ಪ್ರಾಂತದ ಹತ್ತಿಗೆ ಚಿನ್ನದ ಬೆಲೆ ಬಂತು. ರೈಲು 1860ರಲ್ಲೇ ಸೋಲಾಪುರ ಮುಟ್ಟಿತ್ತು. ಧಾರವಾಡದ ಕಡೆ ಆಗಲೇ ಅಮೆರಿಕನ್ ತಳಿಯ ಹತ್ತಿ ನೆಲೆಯಾಗಿತ್ತು. 1865ಕ್ಕೆ ಯುದ್ಧ ಮುಗಿದಾಗ ಬೆಲೆ ಬಿತ್ತು, ಏರಿದ ಕಾಲದಲ್ಲಿ ಮಾಡಿದ ಸಾಲ ಉಳೀತು. 1875ರಲ್ಲಿ ಪುಣೆ, ಅಹ್ಮದನಗರ ಕಡೆ ರೈತರು ಸಾವಕಾರರ ಕಾಗದಪತ್ರ ಕಿತ್ತುಕೊಂಡು ಸುಟ್ಟರು. 1879ರಲ್ಲಿ ಬಂದ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಪುಣೆ, ಸಾತಾರಾ, ಅಹ್ಮದನಗರದ ಜೊತೆ ಸೋಲಾಪುರಕ್ಕೂ ಅನ್ವಯಿಸಿತು. ಅಕ್ಕಲಕೋಟ ಆಗ ಬೇರೆ ಸಂಸ್ಥಾನ.

3. ಹನ್ನೂರಿನ ಹುಡುಗ ಮತ್ತು ಅಪ್ಪನ ಹೆಸರು

ಶರಣಕುಮಾರ ಲಿಂಬಾಳೆ ಹುಟ್ಟಿದ್ದು 1956ರಲ್ಲಿ, ಅಕ್ಕಲಕೋಟ ತಾಲೂಕಿನ ಹನ್ನೂರಿನಲ್ಲಿ. ‘ಅಕ್ಕರಮಾಶಿ’ ಮರಾಠಿಯಲ್ಲಿ ಬಂದದ್ದು 1984ಕ್ಕೆ. ಅವರ ಪಿಎಚ್.ಡಿ. ವಿಷಯವೇ ಮರಾಠಿ ದಲಿತ ಸಾಹಿತ್ಯ ಮತ್ತು ಅಮೆರಿಕದ ಕಪ್ಪು ಸಾಹಿತ್ಯದ ಹೋಲಿಕೆ. 1996ರ ‘ದಲಿತ ಸಾಹಿತ್ಯಾಚೆ ಸೌಂದರ್ಯಶಾಸ್ತ್ರ’ದಲ್ಲೂ ಅದಕ್ಕೆ ಜಾಗ ಇದೆ. ಅಂದರೆ ಈ ಹೋಲಿಕೆಯನ್ನು ನಾವು ಹೊರಗಿನಿಂದ ತಂದು ಹೇರ್ತಾ ಇಲ್ಲ. ನಮ್ಮ ತಾಲೂಕಿನ ಲೇಖಕರೇ ಅದನ್ನು ಕಟ್ಟಿದ್ದಾರೆ. 1966ರ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರನ್ನು 1972ರ ದಲಿತ ಪ್ಯಾಂಥರ್ ತೆಗೆದುಕೊಂಡ ಮೇಲೆ ಆ ದಾರಿ ತೆರೆದೇ ಇತ್ತು. ಲಿಂಬಾಳೆಯವರ ಒತ್ತು ಎರಡು ಸಾಹಿತ್ಯಗಳ ನೋವು ಮತ್ತು ವಿದ್ರೋಹದ ಸಾಮ್ಯದ ಮೇಲಿದೆ. ನನ್ನ ತಕರಾರು ಅದರೊಟ್ಟಿಗಲ್ಲ. ಅವರ ಸ್ವಂತ ಪುಸ್ತಕ ಅವರ ಸಿದ್ಧಾಂತಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ ಅನ್ನೋದು ನನ್ನ ಓದು.

ಸಾಮಾನ್ಯವಾಗಿ ‘ಅಕ್ಕರಮಾಶಿ’ಗೆ ಜೋಡಿಯಾಗಿ ನಿಲ್ಲುವ ಪುಸ್ತಕ ಫ್ರೆಡರಿಕ್ ಡಗ್ಲಾಸರ 1845ರ ಆತ್ಮಕಥನ. ಸಾಮ್ಯ ಕಣ್ಣಿಗೆ ಹೊಡೆಯೋ ಹಾಗೆ ಇದೆ. ಡಗ್ಲಾಸರಿಗೆ ತಮ್ಮ ಹುಟ್ಟಿದ ದಿನ ಗೊತ್ತಿಲ್ಲ. ತಂದೆ ಬಿಳಿಯ, ಮಾಲೀಕನೇ ತಂದೆ ಅಂತ ಜನ ಆಡಿಕೊಳ್ತಿದ್ದರು. ಹನ್ನೂರಿನ ಹುಡುಗನ ತಾಯಿ ಮಸಾಮಾಯಿ ಮಹಾರ್ ಹೆಂಗಸು, ತಂದೆ ಲಿಂಗಾಯತ ಪಾಟೀಲ. ಇಬ್ಬರ ವಿಷಯದಲ್ಲೂ ಒಡೆಯನ ಮನೆಯ ಗಂಡು ಮಗು ಹುಟ್ಟಿಸ್ತಾನೆ, ತಂದೆಯಾಗೋದಿಲ್ಲ.

ಆದರೆ ಕಾಯ್ದೆ ಏನು ಹೇಳ್ತದೆ ನೋಡೋಣ. ಅಮೆರಿಕದ ಗುಲಾಮ ಕಾಯ್ದೆಯಲ್ಲಿ ಮಗು ತಾಯಿಯ ಸ್ಥಿತಿಯನ್ನು ಅನುಸರಿಸಬೇಕು. ತಾಯಿ ಗುಲಾಮಳಾದರೆ ಮಗುವೂ ಗುಲಾಮ, ತಂದೆ ಯಾರೇ ಇರಲಿ. ಅದು ಕ್ರೂರ, ಆದರೆ ಅದರಲ್ಲಿ ಗೊಂದಲ ಇಲ್ಲ. ‘ಅಕ್ಕರಮಾಶಿ’ಯಲ್ಲಿ ಕಾಯ್ದೆ ಮಗುವಿನ ಪರ ಇದೆ. 1950ರ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂದಿದೆ. ಸಾಲಿಯ ಬಾಗಿಲು ತೆರೆದಿದೆ. ಒಳಗೆ ಬರಬಹುದು ಎನ್ನುವ ಆ ಸಾಲಿಯೇ ಅಪ್ಪನ ಹೆಸರೇನು ಅಂತ ಕೇಳ್ತದೆ. ಹುಡುಗ ಸಿಕ್ಕಿಬೀಳೋದು ಹಳೆಯ ಬಹಿಷ್ಕಾರದಲ್ಲಿ ಮಾತ್ರ ಅಲ್ಲ, ಹೊಸ ಹಕ್ಕಿನ ಅರ್ಜಿ ಫಾರ್ಮಿನಲ್ಲೂ.

ಇದು ಡಗ್ಲಾಸರ 1845ರ ಅನುಭವ ಅಲ್ಲ. ಅವರು 1838ರಲ್ಲಿ ತಪ್ಪಿಸಿಕೊಂಡು ಉತ್ತರಕ್ಕೆ ಬಂದು ಹೊಸ ಅಡ್ಡಹೆಸರು ಇಟ್ಟುಕೊಂಡರು. ಹೆಸರು ಅವರ ಆಯ್ಕೆಯಾಯ್ತು. ಇದರ ಹತ್ತಿರದ ಜೋಡಿ 1865ರ ನಂತರದ ಚಿತ್ರಗಳು: ಬಿಡುಗಡೆಯಾದವರು ಫ್ರೀಡ್‌ಮೆನ್ಸ್ ಬ್ಯೂರೋ ಕಚೇರಿಗಳಿಗೆ ಹೋಗಿ ಮದುವೆ ನೋಂದಾಯಿಸಿದ್ದು, ಮಾರಾಟವಾಗಿ ಹೋದ ಮಕ್ಕಳನ್ನು ಹುಡುಕಿದ್ದು, ಅಡ್ಡಹೆಸರು ಬರೆಸಿದ್ದು. ಸ್ವಾತಂತ್ರ್ಯ ಬಂದಾಗ ಮೊದಲು ಬೇಕಾದದ್ದು ಒಂದು ದಾಖಲೆ. ಆ ದಾಖಲೆಯನ್ನು ಬರೆಯೋ ಕೈ ಹಳೆಯ ಸಮಾಜದ್ದೇ.

ಪುಸ್ತಕದ ಮುಂದಿನ ಭಾಗವನ್ನೂ ಹೀಗೇ ಓದಬಹುದು. ಓದು ಮುಗೀತದೆ, ಆದರೆ ಮದುವೆಗೆ ಹೆಣ್ಣು ಸಿಗೋದು ಕಷ್ಟ ಆಗ್ತದೆ, ಸ್ವಂತ ಜಾತಿಯೊಳಗೂ. ನೌಕರಿ ಬಂದಮೇಲೂ ಜಾತಿಯ ಪ್ರಶ್ನೆ ಬೆನ್ನು ಬಿಡೋದಿಲ್ಲ. ಡಬ್ಲ್ಯೂ.ಇ.ಬಿ. ಡುಬಾಯ್ಸ್ 1903ರ ‘ದ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್’ನಲ್ಲಿ ಬರೆದದ್ದು ಇಂಥ ಮನುಷ್ಯನ ಬಗ್ಗೆ: ಕಾಯ್ದೆಯಲ್ಲಿ ಪೌರ, ಬೀದಿಯಲ್ಲಿ ಸಮಸ್ಯೆ. ಡುಬಾಯ್ಸ್ ಹುಟ್ಟಿದ್ದು 1868ರಲ್ಲಿ, 14ನೇ ತಿದ್ದುಪಡಿಯ ವರ್ಷ. ಲಿಂಬಾಳೆ ಹುಟ್ಟಿದ್ದು 1956ರಲ್ಲಿ, 17ನೇ ವಿಧಿ ಜಾರಿಗೆ ಬಂದ ಆರು ವರ್ಷಕ್ಕೆ. ಇಬ್ಬರೂ ಹೊಸ ಕಾಯ್ದೆಯ ಮೊದಲ ತಲೆಮಾರು. ಹಾಗಾಗಿ ‘ಅಕ್ಕರಮಾಶಿ’ಯ ಪಕ್ಕ ನಾನು ಡಗ್ಲಾಸರ ಬದಲು ಡುಬಾಯ್ಸ್ ಅವರನ್ನು ಇಡ್ತೇನೆ.

4. ಭಿನ್ನರಾಶಿಯ ಮನುಷ್ಯರು

ಶೀರ್ಷಿಕೆಗೆ ಬರ್ತೀನಿ. ಚಿನ್ನದ ತೂಕದಲ್ಲಿ ಹನ್ನೆರಡು ಮಾಷ ಸೇರಿದರೆ ಒಂದು ತೊಲ. ಹನ್ನೊಂದೇ ಇದ್ದರೆ ಅಕ್ಕರಮಾಶಿ, ಅಂದರೆ ಕಡಿಮೆ ತೂಕದ್ದು, ಕಲಬೆರಕೆ. ಮರಾಠಿಯಲ್ಲಿ ಮದುವೆಯ ಹೊರಗೆ ಹುಟ್ಟಿದ ಮಗುವಿಗೆ ಈ ಮಾತು ಬಳಸ್ತಾರೆ. ಲಿಂಬಾಳೆ ಆ ಬೈಗುಳವನ್ನೇ ಪುಸ್ತಕದ ಹೆಸರು ಮಾಡಿದರು.

ಮನುಷ್ಯನನ್ನು ಭಿನ್ನರಾಶಿಯಲ್ಲಿ ಹೇಳೋದು ಅಮೆರಿಕದ ಸಂವಿಧಾನದಲ್ಲೂ ಇತ್ತು. 1787ರಲ್ಲಿ ಪ್ರಾತಿನಿಧ್ಯದ ಲೆಕ್ಕಕ್ಕೆ ಗುಲಾಮರನ್ನು ಐದರಲ್ಲಿ ಮೂರು ಭಾಗ ಅಂತ ಎಣಿಸಬೇಕು ಅಂತಾಯ್ತು. ಇದನ್ನು ಎಷ್ಟೋ ಸಲ ತಪ್ಪಾಗಿ ಓದ್ತೇವೆ. ಗುಲಾಮನ ಬೆಲೆ ಮುಕ್ಕಾಲಿಗಿಂತ ಕಡಿಮೆ ಅಂತಲ್ಲ ಅದರ ಅರ್ಥ. ಆ ಮೂರು ಭಾಗವೂ ಗುಲಾಮನಿಗೆ ಸೇರಲಿಲ್ಲ, ಮಾಲೀಕರ ರಾಜ್ಯಗಳಿಗೆ ಹೆಚ್ಚಿನ ಸೀಟಾಗಿ ಸೇರಿತು. ಯುದ್ಧದ ನಂತರ ಆ ಭಿನ್ನರಾಶಿ ಹೋಗಿ ಪೂರ್ಣ ಸಂಖ್ಯೆ ಬಂತು. ಪುನರ್ನಿರ್ಮಾಣ ಮುರಿದುಬಿದ್ದು ಮತದ ಹಕ್ಕು ಕಸಿದುಕೊಂಡ ಮೇಲೆ ಏನಾಯ್ತು? ಕಪ್ಪು ಜನರನ್ನು ಪೂರ್ತಿಯಾಗಿ ಎಣಿಸಿ ದಕ್ಷಿಣದ ಬಿಳಿಯರು ಮೊದಲಿಗಿಂತ ಹೆಚ್ಚು ಸೀಟು ಪಡೆದರು. ಒಬ್ಬ ಮನುಷ್ಯನನ್ನು ಪೂರ್ತಿ ಎಣಿಸಿಯೂ ಅವನ ಪಾಲನ್ನು ಬೇರೆಯವರು ತಿನ್ನಬಹುದು. ಪುನರ್ನಿರ್ಮಾಣದಿಂದ ನಾನು ಕಲಿತ ಮುಖ್ಯ ಪಾಠ ಇದು.

ನಮ್ಮ ಜಿಲ್ಲೆಯ ಇವತ್ತಿನ ಉದಾಹರಣೆ ಒಂದು ಕೊಡ್ತೀನಿ. ಕಬ್ಬು ಕಡಿಯೋ ಕಾಲಕ್ಕೆ ಬೀಡ ಕಡೆಯಿಂದ ಜನ ಸೋಲಾಪುರದ ಸಕ್ಕರೆ ಕಾರ್ಖಾನೆಗಳಿಗೆ ಬರ್ತಾರೆ. ಗಂಡ ಹೆಂಡತಿ ಸೇರಿ ಒಂದು ‘ಕೋಯ್ತಾ’. ಒಬ್ಬರೇ ಬಂದರೆ ‘ಅರ್ಧ ಕೋಯ್ತಾ’. ಮುಂಗಡಕ್ಕೆ ‘ಉಚಲ’ ಅಂತಾರೆ. ಅದು ಮುಕಾದಮನ ಮೂಲಕ ಬರ್ತದೆ, ಹಂಗಾಮು ಮುಗಿಯೋವರೆಗೆ ದುಡಿದು ತೀರಿಸಬೇಕು. ಹೆಂಗಸಿನ ದುಡಿಮೆಗೆ ಬೇರೆ ಲೆಕ್ಕ ಇಲ್ಲ, ಅವಳು ಜೋಡಿಯ ಅರ್ಧ. ಐದರಲ್ಲಿ ಮೂರು, ಹನ್ನೆರಡರಲ್ಲಿ ಹನ್ನೊಂದು, ಎರಡರಲ್ಲಿ ಒಂದು: ಇವು ಮೂರೂ ಒಂದೇ ಅಂತ ನಾನು ಹೇಳೋದಿಲ್ಲ. ಮೊದಲನೆಯದು ಸಂವಿಧಾನದ ಲೆಕ್ಕ, ಎರಡನೆಯದು ಬೈಗುಳ, ಮೂರನೆಯದು ಕೂಲಿಯ ಮಾಪು. ಮೂರರಲ್ಲೂ ಲೆಕ್ಕ ಬರೆಯೋನು ಬೇರೆ, ಲೆಕ್ಕಕ್ಕೆ ಬರೋನು ಬೇರೆ.

5. ಸಾಲಗಡಿ: ಒಂದು ಪದ, ಎರಡು ಕಿವಿ

ಇಲ್ಲಿ ನನ್ನ ಮನೆಯ ವಿಷಯ ಹೇಳಬೇಕಾಗ್ತದೆ. ಗುರುಗಳು ಬರಹದಿಂದ ಇದನ್ನು ತೆಗೆಯಬಹುದು ಅಂದಿದ್ದರು. ನಾನು ಇಟ್ಟುಕೊಂಡಿದ್ದೀನಿ.

ನಮ್ಮದು ಲಿಂಗಾಯತ ಒಕ್ಕಲು ಮನೆತನ. ನಮ್ಮಲ್ಲಿ ಒಬ್ಬ ಸಾಲಗಡಿ ಇದ್ದ. ಮರಾಠಿಯಲ್ಲಿ ‘ಸಾಲ್’ ಅಂದರೆ ವರ್ಷ, ‘ಗಡಿ’ ಅಂದರೆ ಆಳು. ವರ್ಷದ ಆಳು, ಅಷ್ಟೇ. ಯುಗಾದಿಯಿಂದ ಯುಗಾದಿಗೆ ಕರಾರು. ಆದರೆ ನಾನು ಸಣ್ಣವನಿದ್ದಾಗ ಅದನ್ನು ಕನ್ನಡದ ಕಿವಿಯಿಂದ ಕೇಳ್ತಿದ್ದೆ: ಸಾಲದ ಗಡಿ, ಸಾಲ ಮಾಡಿದ ಆಳು. ತೀರಾ ದೊಡ್ಡವನಾಗೋವರೆಗೂ ಅದೇ ಅರ್ಥ ಅಂತ ನಂಬಿದ್ದೆ. ಭಾಷಾಶಾಸ್ತ್ರದ ಪ್ರಕಾರ ನನ್ನದು ತಪ್ಪು ವ್ಯುತ್ಪತ್ತಿ. ನಮ್ಮ ಅಜ್ಜನ ವಹಿ ನೋಡಿದ ಮೇಲೆ ಆ ತಪ್ಪೇ ಸರಿ ಅನ್ನಿಸ್ತು.

ವಹಿಯಲ್ಲಿ ಪ್ರತಿ ಯುಗಾದಿಗೂ ಒಂದು ಪುಟ. ಮುಂಗಡ ಇಷ್ಟು, ಜೋಳ ಇಷ್ಟು, ಒಂದು ಜೊತೆ ಚಪ್ಪಲಿ, ಒಂದು ಕಂಬಳಿ. ಕೆಳಗೆ ಕೆಲಸಕ್ಕೆ ಬಾರದ ದಿನಗಳ ಕಡಿತ. ಅವನ ಮಗಳ ಮದುವೆಗೆ ಕೊಟ್ಟದ್ದು, ಹೆಂಡತಿ ಆಸ್ಪತ್ರೆಗೆ ಕೊಟ್ಟದ್ದು. ಪುಟದ ಕೊನೆಗೆ ಬಾಕಿ. ಆ ಬಾಕಿ ಮುಂದಿನ ಪುಟದ ಮೊದಲ ಸಾಲು. ಹದಿನಾಲ್ಕು ಪುಟ ಎಣಿಸಿದೆ, ಬಾಕಿ ಸೊನ್ನೆಯಾದ ಒಂದು ಪುಟವೂ ಇರಲಿಲ್ಲ. ಅಜ್ಜ ಕೆಟ್ಟವನಾಗಿರಲಿಲ್ಲ. ಆಸ್ಪತ್ರೆಗೆ ದುಡ್ಡು ಕೊಟ್ಟ ಅಂತ ಊರವರು ಹೊಗಳ್ತಿದ್ದರು. ಆ ದುಡ್ಡು ಬಾಕಿಯ ಸಾಲಿನಲ್ಲಿ ಕೂತಿದೆ. ಇನ್ನೊಂದು ವಿಷಯ ನನಗೆ ‘ಅಕ್ಕರಮಾಶಿ’ ಓದಿದ ಮೇಲೆ ಕಂಡದ್ದು: ವಹಿಯಲ್ಲಿ ಎಲ್ಲರಿಗೂ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಇದೆ. ಅವನಿಗೆ ಒಂದೇ ಹೆಸರು, ಅದೂ ಕರೆಯೋ ಹೆಸರು.

ಡುಬಾಯ್ಸ್ ಅವರ ಪುಸ್ತಕದಲ್ಲಿ ಜಾರ್ಜಿಯಾದ ಡೋಹರ್ಟಿ ಕೌಂಟಿಯ ಅಧ್ಯಯನ ಇದೆ. ಅಲ್ಲಿ ಅವರು ನೋಡಿದ 300 ಗೇಣಿ ಕುಟುಂಬಗಳಲ್ಲಿ 175 ಕುಟುಂಬಗಳು 1898ರ ವರ್ಷವನ್ನು ಸಾಲದಲ್ಲೇ ಮುಗಿಸಿದವು, 50 ಕುಟುಂಬಗಳಿಗೆ ಏನೂ ಉಳಿಯಲಿಲ್ಲ. ಯುದ್ಧ ಮುಗಿದು 33 ವರ್ಷದ ಮೇಲಿನ ಲೆಕ್ಕ ಇದು. ಬೆಳೆ ಹತ್ತಿಯೇ. ಬೀಜ, ಹೇಸರಗತ್ತೆ, ಮಾಂಸ, ಜೋಳದ ಹಿಟ್ಟು ಅಂಗಡಿಯಿಂದ ಸಾಲಕ್ಕೆ. ಬೆಳೆ ಬರೋ ಮೊದಲೇ ಅಡವು. ಇದು ಯಾಕೆ ಹೀಗಾಯ್ತು? 1865ರ ಜನವರಿಯಲ್ಲಿ ಜನರಲ್ ಶರ್ಮನ್ ಕರಾವಳಿಯ ಜಮೀನನ್ನು ಬಿಡುಗಡೆಯಾದ ಕುಟುಂಬಗಳಿಗೆ 40 ಎಕರೆವರೆಗೆ ಹಂಚಲು ಆದೇಶ ಮಾಡಿದ್ದ. ಅದೇ ವರ್ಷ ಅಧ್ಯಕ್ಷ ಆಂಡ್ರೂ ಜಾನ್ಸನ್ ಅದನ್ನು ತಿರುಗಿಸಿ ಹಳೆಯ ಮಾಲೀಕರಿಗೆ ಜಮೀನು ವಾಪಸ್ ಕೊಡಿಸಿದ. ಬಿಡುಗಡೆ ಉಳೀತು, ಭೂಮಿ ಹೋಯ್ತು.

ನಮ್ಮ ಕಡೆ ಇದರ ಹತ್ತಿರದ್ದು ಮಹಾರ್ ವತನದ ಕತೆ. ಊರಿನ ಮತ್ತು ಸರ್ಕಾರದ ಚಾಕರಿಗೆ ಪ್ರತಿಯಾಗಿ ತುಂಡು ಜಮೀನು. ಅದು ಆಸ್ತಿಯಂತೆ ಕಂಡರೂ ಬಂಧನ ಎಂದು ಅಂಬೇಡ್ಕರ್ 1928ರಲ್ಲೇ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಸೂದೆ ತಂದರು. ವತನ ರದ್ದಾದದ್ದು ಮುಂಬಯಿ ರಾಜ್ಯದ 1958ರ ಕಾಯ್ದೆಯಿಂದ. ಆಗಲೂ ಜಮೀನು ತಾನಾಗಿ ಸಿಗಲಿಲ್ಲ. ಹಿಡುವಳಿಯ ಬೆಲೆ ತುಂಬಿ ಮರುಮಂಜೂರಿ ಪಡೆಯಬೇಕಿತ್ತು. ಚಾಕರಿ ನಿಂತಿತು, ಜಮೀನಿಗೆ ದುಡ್ಡು ಬೇಕಾಯ್ತು. ಹನ್ನೂರಿನ ಹುಡುಗ ಆಗ ಎರಡು ವರ್ಷದ ಮಗು. ಆ ಪುಸ್ತಕದ ತುಂಬ ಇರೋ ಹಸಿವನ್ನು ಬರೀ ಪುರಾತನ ಜಾತಿಯ ಹಸಿವು ಅಂತ ಓದಿದರೆ ಸಾಲದು. ಕಾಯ್ದೆ ಬಂದು ಭೂಮಿ ಬಾರದ ವರ್ಷಗಳ ಹಸಿವು ಅದು.

6. ಅಂಬೇಡ್ಕರ್ ಯಾವ ಅಮೆರಿಕವನ್ನು ಓದಿದರು

ಈ ಓದು ನನ್ನ ಸ್ವಂತ ಕಲ್ಪನೆ ಮಾತ್ರವೋ ಅಂತ ನನಗೇ ಸಂಶಯ ಇತ್ತು. 1947ರ ‘ಸ್ಟೇಟ್ಸ್ ಅಂಡ್ ಮೈನಾರಿಟೀಸ್’ ನೋಡಿದ ಮೇಲೆ ಧೈರ್ಯ ಬಂತು. ಸಂವಿಧಾನ ಸಭೆಗಾಗಿ ಅಂಬೇಡ್ಕರ್ ತಯಾರು ಮಾಡಿದ ಆ ಮನವಿಯಲ್ಲಿ ಸಮಾನ ನಡವಳಿಕೆಯ ರಕ್ಷಣೆಗೆ ಅವರು ಆಧಾರ ತೆಗೆದುಕೊಂಡದ್ದು ಅಮೆರಿಕದ 1866 ಮತ್ತು 1875ರ ನಾಗರಿಕ ಹಕ್ಕು ಕಾಯ್ದೆಗಳನ್ನು. ಎರಡೂ ಪುನರ್ನಿರ್ಮಾಣದ ಕಾಯ್ದೆಗಳು. 1875ರದ್ದನ್ನು ಅಮೆರಿಕದ ಸುಪ್ರೀಂ ಕೋರ್ಟು 1883ರಲ್ಲಿ ಹೊಡೆದುಹಾಕಿತ್ತು. ಅಲ್ಲಿ ಸತ್ತ ಕಾಯ್ದೆಯನ್ನು ಅವರು ಇಲ್ಲಿಗೆ ತಂದರು. ಅದರ ಜೊತೆಗೆ ಕೃಷಿ ಭೂಮಿ ರಾಜ್ಯದ ಒಡೆತನಕ್ಕೆ ಬರಬೇಕು, ಅಸ್ಪೃಶ್ಯರಿಗೆ ಪ್ರತ್ಯೇಕ ವಸತಿಗಾಗಿ ಆಯೋಗ ಬೇಕು ಅಂತಲೂ ಕೇಳಿದರು. ಕಾಯ್ದೆಯ ಭಾಗದಲ್ಲಿ ಸ್ವಲ್ಪ ಸಂವಿಧಾನಕ್ಕೆ ಬಂತು, ಭೂಮಿಯ ಭಾಗ ಬರಲಿಲ್ಲ.

ಅದಕ್ಕೆ ಒಂದು ವರ್ಷ ಮೊದಲು, 1946ರಲ್ಲಿ, ಅವರು ಡುಬಾಯ್ಸ್ ಅವರಿಗೆ ಪತ್ರ ಬರೆದು ಕಪ್ಪು ಜನರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಕೇಳಿದ್ದರು. 1935ರಲ್ಲಿ ‘ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್’ ಬರೆದ ಚರಿತ್ರೆಕಾರ ಆ ಡುಬಾಯ್ಸ್. ಫುಲೆಗೆ ಬೇಕಾದದ್ದು ಬಿಡುಗಡೆಯ ಮಾದರಿ. ಅಂಬೇಡ್ಕರಿಗೆ ಬಿಡುಗಡೆಯ ನಂತರ ಏನಾಗ್ತದೆ ಅನ್ನೋದರ ಮೇಲೆ ಕಣ್ಣಿತ್ತು. ನಮ್ಮ ಹೋಲಿಕೆಯ ವಿಮರ್ಶೆ ಇನ್ನೂ ಫುಲೆಯವರ ಅರ್ಪಣೆಯ ಪುಟದಲ್ಲೇ ನಿಂತಿದೆ.

7. ಕನ್ನಡ ಓದುಗ ಎಲ್ಲಿ ಕೂತಿದ್ದಾನೆ

ಕೊನೆಯ ಮಾತು, ಕಷ್ಟದ ಮಾತು. ಅಕ್ಕಲಕೋಟದ ನಾವು ಕನ್ನಡಿಗರು 1956 ಅಂದಾಗ ರಾಜ್ಯ ಪುನರ್ವಿಂಗಡಣೆ ನೆನೀತೇವೆ. ಮಹಾಜನ ಆಯೋಗ ನಮ್ಮ ತಾಲೂಕನ್ನು ಕರ್ನಾಟಕಕ್ಕೆ ಕೊಡಬೇಕು ಅಂದದ್ದನ್ನು, ಅದು ಆಗದೆ ಹೋದದ್ದನ್ನು ನೆನೀತೇವೆ. ನಮ್ಮ ಮನಸ್ಸಿನಲ್ಲಿ ನಾವು ಅನ್ಯಾಯಕ್ಕೊಳಗಾದ ಅಲ್ಪಸಂಖ್ಯಾತರು. ಅದು ಸುಳ್ಳಲ್ಲ. ಆದರೆ ಅದೇ 1956ರಲ್ಲಿ ಅದೇ ತಾಲೂಕಿನಲ್ಲಿ ಹುಟ್ಟಿದ ಒಬ್ಬನ ಪುಸ್ತಕದಲ್ಲಿ ನನ್ನಂಥವರು ಪಾಟೀಲನ ವಾಡೆಯವರು.

ಆ ವಾಡೆಯ ಧರ್ಮ ಯಾವುದು? ಸೋಲಾಪುರ ಅಂದರೆ ಸೊನ್ನಲಿಗೆ, ಸಿದ್ಧರಾಮನ ಊರು. ಮಂಗಳವೇಢೆ ನಮ್ಮ ಜಿಲ್ಲೆಯದೇ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಮಾಡಿಸಿದ್ದಕ್ಕೆ ಕಲ್ಯಾಣದಲ್ಲಿ ರಕ್ತ ಹರಿಯಿತು ಅಂತ ನಾವು ಶತಮಾನಗಳಿಂದ ಹೇಳಿಕೊಂಡು ಬಂದಿದ್ದೇವೆ. ಜಾತಿಯ ಮೇಲೆ ನಡೆದ ನಮ್ಮ ಅಂತರ್ಯುದ್ಧ ಅದು. ಲಂಕೇಶರ ‘ಸಂಕ್ರಾಂತಿ’, ಕಾರ್ನಾಡರ ‘ತಲೆದಂಡ’ದಂಥ ನಾಟಕಗಳು ನಮ್ಮನ್ನು ಆ ಮದುವೆಗೆ, ಆ ರಕ್ತಕ್ಕೆ ಕರೆದೊಯ್ಯುತ್ತವೆ. ಕಲ್ಯಾಣದ ನಂತರದ ಮನೆಗಳ ಕತೆ ನಮ್ಮ ರಂಗಭೂಮಿಯಲ್ಲಿ ಅಷ್ಟಾಗಿ ಇಲ್ಲ. ಎಂಟು ಶತಮಾನದ ಮೇಲೆ ಅದೇ ಪರಂಪರೆಯ ಒಬ್ಬ ಪಾಟೀಲ ಮಹಾರ್ ಹೆಂಗಸಿನಲ್ಲಿ ಮಗನನ್ನು ಪಡೆದು ಹೆಸರು ಕೊಡೋದಿಲ್ಲ. ಹರಳಯ್ಯನ ಮನೆಯ ಮದುವೆಗೆ ಹೆಮ್ಮೆ ಪಡುವವರು ಹನ್ನೂರಿನ ಈ ಹುಡುಗನಿಗೂ ಉತ್ತರ ಕೊಡಬೇಕು. ಕಲ್ಯಾಣಕ್ಕೂ ಒಂದು ಪುನರ್ನಿರ್ಮಾಣ ಬೇಕಿತ್ತು, ಅದು ನಡೆಯಲಿಲ್ಲ ಅನ್ನೋದನ್ನು ನಾನು ಈ ಮರಾಠಿ ಪುಸ್ತಕದಿಂದ ತಿಳಿದುಕೊಂಡೆ.

ಸಂವಾದ

ಸಹಪಾಠಿಯೊಬ್ಬರು ಕೇಳಿದರು: ಆರು ಲಕ್ಷಕ್ಕೂ ಹೆಚ್ಚು ಜನ ಸತ್ತ ಯುದ್ಧವನ್ನು ಒಂದು ತಾಲೂಕಿನ ಆತ್ಮಕಥನದ ಪಕ್ಕ ಇಡೋದು ಅತಿಯಾಗಲಿಲ್ಲವೇ?

ಯುದ್ಧವನ್ನು ನಾನು ಪಕ್ಕ ಇಡ್ತಾ ಇಲ್ಲ. ನಮ್ಮಲ್ಲಿ ಅಂಥ ಯುದ್ಧ ಆಗಿಲ್ಲ, ಕಾಯ್ದೆ ಮಾತ್ರ ಬಂತು. ನಾನು ಹೋಲಿಸೋದು ಕಾಯ್ದೆಯ ನಂತರದ ದಿನಗಳನ್ನು. ಅಲ್ಲಿ ಸಾಮ್ಯ ಗಾತ್ರದಲ್ಲಿ ಇಲ್ಲ, ಕೆಲಸ ಮಾಡೋ ರೀತಿಯಲ್ಲಿ ಇದೆ: ದಾಖಲೆ, ಸಾಲ, ಭೂಮಿ.

ಅಧ್ಯಾಪಕರೊಬ್ಬರ ಆಕ್ಷೇಪ: ಸಾಲಗಡಿ ಕರಾರಿನ ಆಳು. ಬಿಟ್ಟು ಹೋಗಬಹುದು. ಅವನನ್ನು ಗುಲಾಮನ ಸಾಲಿಗೆ ಸೇರಿಸೋದು ಪದದ ದುರ್ಬಳಕೆ.

ಒಪ್ತೇನೆ ಸರ್. ಅದಕ್ಕೇ ಗುಲಾಮಗಿರಿ ಎಂಬ ಪದವನ್ನು ಅವನಿಗೆ ಬಳಸಿಲ್ಲ, ಡೋಹರ್ಟಿಯ ಗೇಣಿದಾರನ ಪಕ್ಕ ಇಟ್ಟಿದ್ದೀನಿ. ಅವನೂ ಬಿಟ್ಟು ಹೋಗಬಹುದಿತ್ತು, ಬಾಕಿ ತೀರಿಸಿದರೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಸಾಲಕ್ಕಾಗಿ ದುಡಿಯುವುದನ್ನೂ ಜೀತ ಅಂತಲೇ ಪರಿಗಣಿಸ್ತದೆ. ನಮ್ಮ ವಹಿಯ ಕೊನೆಯ ಪುಟ 1981ರದ್ದು.

ಇನ್ನೊಬ್ಬರು ಕೇಳಿದರು: ಆ ಬಾಕಿ ಕೊನೆಗೆ ಏನಾಯ್ತು?

ವಹಿಯಲ್ಲಿ ಹೊಡೆದುಹಾಕಿಲ್ಲ. ಅವನ ಮಗ ಈಗ ಸೋಲಾಪುರದಲ್ಲಿದ್ದಾನೆ, ನನಗಿಂತ ಹಿರಿಯ. ಈ ಪ್ರಬಂಧ ಬರೆಯೋ ಮೊದಲು ಹೋಗಿ ಭೇಟಿಯಾದೆ. ವಹಿ ತೋರಿಸಲೇ ಅಂದೆ. ಬೇಡ ಅಂದ. ಅಪ್ಪನ ಪೂರ್ತಿ ಹೆಸರು ಕೇಳಿದೆ, ಹೇಳಿದ. ಅದನ್ನು ಇಲ್ಲಿ ಬರೆಯಲು ನಾನು ಅನುಮತಿ ಕೇಳಿಲ್ಲ, ಹಾಗಾಗಿ ಬರೆದಿಲ್ಲ. ನನ್ನ ಬಳಿ ಬರೆದಿಟ್ಟುಕೊಂಡಿದ್ದೀನಿ.